ಒಂಬತ್ತನೇ ಪೆಟ್ಟಿಗೆಯ ಕಟ್ಟುಹಾವು

ಮಾರ್ಚ್ 4, ಮಂಗಳವಾರ

ನಿನ್ನೆ ಆಸ್ಪತ್ರೆಯಿಂದ ಬಿಟ್ಟರು. ಬಿಟ್ಟರು ಅನ್ನುವುದು ಅವರ ಮಾತು. ನನ್ನನ್ನು ಕೇಳಿದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸಿದರು, ಅಷ್ಟೆ. ಇದು ಅಕ್ಕನ ಮನೆ, ಐದನೇ ಮಹಡಿ, ಅವಳು ಹೊಲಿಗೆಗೆ ಅಂತ ಇಟ್ಟುಕೊಂಡಿದ್ದ ಕೋಣೆ. ಯಂತ್ರವನ್ನು ಗೋಡೆಗೆ ಒತ್ತರಿಸಿ ಮಂಚ ಹಾಕಿದ್ದಾಳೆ. ಮಂಚಕ್ಕೂ ಬಾಗಿಲಿಗೂ ಮಧ್ಯೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಅದರ ಮೇಲೆ ನಾಲ್ಕು ನೀರಿನ ಪೈಪು. ಬೆಳಗಿನಿಂದ ಎಣಿಸುತ್ತಿದ್ದೇನೆ, ನಾಲ್ಕೇ ಇವೆ.

ಅಕ್ಕ, ಭಾವ ಇಬ್ಬರೂ ಒಂಬತ್ತಕ್ಕೆ ಆಫೀಸಿಗೆ ಹೊರಡುತ್ತಾರೆ. ಹೊರಡುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಾರೆ. ಯಾರಾದರೂ ಬೆಲ್ ಮಾಡಿದರೆ ನಾನು ಎದ್ದು ಬಿದ್ದುಗಿದ್ದೇನು ಅಂತ ಅಕ್ಕನಿಗೆ ಹೆದರಿಕೆ. ಇನ್ನೊಂದು ಕೀಲಿ ಫ್ರಿಜ್ ಮೇಲಿದೆ ಅಂತ ಎರಡು ಸಲ ಹೇಳಿ ಹೋದಳು. ಇದ್ದರೇನು ಬಂತು, ಕೂಡಿಹಾಕಿದ್ದು ಕೂಡಿಹಾಕಿದ್ದೇ.

ಬೆರಳಿಗೆ ಬಲ ಬರಲಿ ಅಂತ ದಿನಾ ಬರೆಯಬೇಕಂತೆ. ವ್ಯಾಯಾಮ ಹೇಳಿಕೊಡುವವಳು, ನೀವು ಯಾರು ಅಂತ ಗೊತ್ತೇ ಇಲ್ಲದವರಿಗೆ ಹೇಳುವ ಹಾಗೆ ಬರೆಯಿರಿ, ಆಗ ಪುಟ ತುಂಬುತ್ತದೆ ಅಂದಳು. ಸರಿ, ಗೊತ್ತೇ ಇಲ್ಲದವರೇ, ಕೇಳಿ. ನಾನು ಹಾವು ಸಾಕುವವಳು. ಹಾವಿನ ವಿಷ ತೆಗೆದು ಔಷಧಿ ಮಾಡುವವರಿಗೆ ಕಳಿಸುವ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಕಟ್ಟುಹಾವಿನ ಕೋಣೆ ನನ್ನದು. ಹದಿನಾಲ್ಕು ಪೆಟ್ಟಿಗೆ, ಹದಿನಾಲ್ಕು ಹಾವು. ಫೆಬ್ರವರಿ ಹದಿನೆಂಟರ ಬೆಳಗ್ಗೆ ಒಂಬತ್ತನೇ ಪೆಟ್ಟಿಗೆಯದು ನನ್ನ ಬಲಗೈಗೆ ಕಚ್ಚಿತು. ಆರು ದಿನ ನನ್ನ ಉಸಿರನ್ನು ಯಂತ್ರ ಆಡಿತು. ಈಗ ಎಡಗಣ್ಣಿನ ರೆಪ್ಪೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ನನ್ನ ಮಾತು ಕೇಳುತ್ತದೆ. ರೆಪ್ಪೆ ಮಾತ್ರ ಸಂಜೆಯಾದರೆ ತಾನಾಗಿ ಇಳಿಯುತ್ತದೆ, ಅಂಗಡಿ ಷಟರ್ ಥರ.

ಕೋಣೆಯಲ್ಲಿ ನನ್ನ ಜತೆ ಕೆಲಸ ಮಾಡುವವರು ಚಿಲಕಣ್ಣ. ಹೆಸರಿಟ್ಟವಳು ನಾನೇ. ಒಂದು ಪೆಟ್ಟಿಗೆಯ ಚಿಲಕ ಹಾಕಿದರೆ ಮೂರು ಸಲ ಎಳೆದು ನೋಡುವ ಮನುಷ್ಯ. ನನಗಿಂತ ಎಂಟು ವರ್ಷ ದೊಡ್ಡವರು, ಹುದ್ದೆಯಲ್ಲಿ ನನಗಿಂತ ಒಂದು ಮೆಟ್ಟಿಲು ಕೆಳಗೆ. ಅವರನ್ನು ಈಗ ಕೆಲಸದಿಂದ ಅಮಾನತು ಮಾಡಿ ಮನೆಯಲ್ಲಿ ಕೂರಿಸಿದ್ದಾರೆ. ಚಿಲಕ ಹಾಕದೆ ಬಿಟ್ಟಿದ್ದಕ್ಕೆ ನನಗೆ ಕಚ್ಚಿತು ಅನ್ನುವುದು ಆರೋಪ.

ನಮ್ಮ ಮುಖ್ಯಸ್ಥರು ಒಂದು ಕಾಗದ ಕಳಿಸಿದ್ದಾರೆ. ಸೀನಿದರೂ ಸುತ್ತೋಲೆ ಹೊರಡಿಸುವವರು, ಹಾಗಾಗಿ ಎಲ್ಲರ ಬಾಯಲ್ಲೂ ಸುತ್ತೋಲೆ ಸಾಹೇಬರು. ಕಾಗದದಲ್ಲಿ ಟೈಪು ಮಾಡಿದ ಒಂದೇ ಸಾಲು: "ಒಂಬತ್ತನೇ ಪೆಟ್ಟಿಗೆ ತೆರೆದಿತ್ತು ಎಂದು ನಾನು ಆಸ್ಪತ್ರೆಯಲ್ಲಿ ಹೇಳಿರುವುದು ನಿಜ." ಕೆಳಗೆ ನನ್ನ ಸಹಿಗೆ ಗೆರೆ. ಇಪ್ಪತ್ತೈದರೊಳಗೆ ಕಳಿಸಬೇಕು. ನಾನು ಸಹಿ ಹಾಕಿದರೆ ಚಿಲಕಣ್ಣನ ಕೆಲಸ ಹೋಗುತ್ತದೆ.

ಕಾಗದವನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟೆ. ಈಗಷ್ಟೇ ಸತ್ತು ಬದುಕಿದವಳ ಹತ್ತಿರ ಸಹಿ ಕೇಳುತ್ತಾರಲ್ಲ, ಇವರಿಗೇನು ಬಂದಿದೆ.

ಮಾರ್ಚ್ 5, ಬುಧವಾರ

ಮಲಗಿದ್ದೆ. ಸಂಜೆ ಅಕ್ಕ ಬಂದು, ಎರಡೇ ದಿನಕ್ಕೆ ಸೋಪು ಇಷ್ಟು ಸವೆದಿದ್ದು ಹೇಗೆ ಅಂದಳು. ನನಗೇನು ಗೊತ್ತು. ಆಸ್ಪತ್ರೆಯ ವಾಸನೆ ಹೋಗಬೇಡವೇ.

ಮಾರ್ಚ್ 7, ಶುಕ್ರವಾರ

ಸಾಹೇಬರ ಫೋನು. ಸುಮ್ಮನೆ ಕೂತು ತಲೆ ಕೆಡಿಸಿಕೊಳ್ಳಬೇಡಿ, ಸಂದರ್ಶಕರ ಹಾಲಿಗೆ ಕಟ್ಟುಹಾವಿನ ಬಗ್ಗೆ ಆರು ಬೋರ್ಡು ಬೇಕು, ಬರೆದುಕೊಡಿ ಅಂದರು. ಆ ಸಹಿ ಮಾತ್ರ ಮರೆಯಬೇಡಿ ಅಂತಲೂ ಅಂದರು. ಬೋರ್ಡು ಬರೆಯುತ್ತೇನೆ ಅಂದೆ.

ಬೋರ್ಡು ಒಂದು. "ಕಟ್ಟುಹಾವುಗಳು ಒಂದೇ ಪಂಗಡಕ್ಕೆ ಸೇರಿದ ಹದಿನೈದಕ್ಕೂ ಹೆಚ್ಚು ಬಗೆಯ ಹಾವುಗಳು. ಕೆಲವಕ್ಕೆ ಕಪ್ಪು ಮೈಮೇಲೆ ಬಿಳಿ ಕಟ್ಟುಗಳು, ಒಂದಕ್ಕೆ ಕಪ್ಪು ಹಳದಿ ಅಗಲ ಪಟ್ಟೆ, ಒಂದು ಪೂರಾ ಕಪ್ಪು, ಇನ್ನೊಂದಕ್ಕೆ ಕೆಂಪು ತಲೆ, ಕೆಂಪು ಬಾಲ. ಬಣ್ಣ ಏನೇ ಇರಲಿ, ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವಾಗಿ, ಆರು ಮೂಲೆಯಾಗಿ ಇರುತ್ತವೆ. ಗುರುತು ಹಿಡಿಯುವುದು ಅದರಿಂದ."

ಬೋರ್ಡು ಎರಡು. "ಹಗಲಲ್ಲಿ ಇವು ಬಲು ಸಾಧು. ಮುಟ್ಟಿದರೆ ತಲೆಯನ್ನು ಸುರುಳಿಯ ಅಡಿಗೆ ತೂರಿಸಿ ಮುದ್ದೆಯಾಗುತ್ತವೆ. ಕತ್ತಲಾದ ಮೇಲೆ ಸ್ವಭಾವವೇ ಬೇರೆ. ಬೇಟೆಯಾಡುವುದು ಹೆಚ್ಚಾಗಿ ಬೇರೆ ಹಾವುಗಳನ್ನು; ಹಸಿದರೆ ಸ್ವಂತ ಪಂಗಡದವನ್ನೂ ಬಿಡುವುದಿಲ್ಲ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಅದರ ಮೇಲೆ ಸುತ್ತಿಕೊಂಡು ಕಾವಲು ಕೂರುತ್ತದೆ."

ಬೋರ್ಡು ಮೂರು. "ಇದರ ಕಡಿತ ಹೆಚ್ಚುಕಮ್ಮಿ ನೋಯುವುದೇ ಇಲ್ಲ. ಊತವಿಲ್ಲ, ಉರಿಯಿಲ್ಲ. ವಿಷ ನರ ಹೇಳಿದ್ದನ್ನು ಸ್ನಾಯು ಕೇಳದ ಹಾಗೆ ಮಾಡುತ್ತದೆ. ಮೊದಲು ರೆಪ್ಪೆ, ಆಮೇಲೆ ನಾಲಿಗೆ, ಗಂಟಲು, ಕೊನೆಗೆ ಉಸಿರು. ಆದರೆ ಪ್ರಜ್ಞೆ..."

ಇಲ್ಲಿಗೆ ನಿಲ್ಲಿಸಿದೆ. ಪ್ರಜ್ಞೆಯ ವಿಷಯ ಬೋರ್ಡಿಗೆ ಬೇಡ. ಮಕ್ಕಳು ಓದುತ್ತಾರೆ.

ಇಲ್ಲಿ ಬರೆದಿಡುತ್ತೇನೆ. ಪ್ರಜ್ಞೆ ಪೂರ್ತಿ ಇರುತ್ತದೆ. ಮೈಮೇಲೆ ಕಟ್ಟು ಇದೆ ಅಂತ ಕಟ್ಟುಹಾವು ಅಂದರಂತೆ. ಅಲ್ಲ, ಇದು ಕಟ್ಟಿಹಾಕುವ ಹಾವು. ಕಣ್ಣು ಒಣಗದಿರಲಿ ಅಂತ ರೆಪ್ಪೆಗೆ ಟೇಪು ಅಂಟಿಸಿದ್ದರು. ನಾನು ಒಳಗಿದ್ದೆ. ಎಲ್ಲ ಕೇಳುತ್ತಿತ್ತು. ಅಕ್ಕ ಅತ್ತಿದ್ದು ಕೇಳಿತು. ಇವರಿಗೆ ಏನೂ ತಿಳಿಯಲ್ಲ ಬಿಡಿ ಅಂತ ಒಬ್ಬ ನರ್ಸು ಇನ್ನೊಬ್ಬಳಿಗೆ ಹೇಳಿ, ತನ್ನ ಅತ್ತೆಯನ್ನು ಅರ್ಧ ಗಂಟೆ ಬೈದಿದ್ದು ಕೇಳಿತು. ಚಿಲಕಣ್ಣ ಬಂದು ಮಂಚದ ಪಕ್ಕ ನಿಂತು ಅಕ್ಕನಿಗೆ ಹೇಳಿದ್ದೂ ಕೇಳಿತು. "ಬೆಳಗ್ಗೆ ನಾನೇ ಕೊನೇಲಿ ಮುಚ್ಚಿದ್ದು ಅಕ್ಕಾವ್ರೇ. ಹಾಕಿದೀನಿ ಅಂತಲೇ ಅಂದ್ಕೊಂಡಿದ್ದೆ. ಹಾಕಿರ್ಲಿಲ್ವೇನೋ."

ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ತಾನೇ ಹೆಗಲು ಮುಟ್ಟಿ ನೋಡಿಕೊಳ್ಳಬೇಕು? ಈ ಮನುಷ್ಯ ಯಾರೋ ಕದ್ದದ್ದಕ್ಕೆ ತನ್ನ ಹೆಗಲು ಮುಟ್ಟಿಕೊಳ್ಳುತ್ತಾರೆ.

ಯಾರೋ ಅಂತ ಬರೆದಿದ್ದೇನೆ. ಇರಲಿ.

ಮಾರ್ಚ್ 10, ಸೋಮವಾರ

ಹನ್ನೊಂದಕ್ಕೆ ಬೆಲ್. ಗೋಡೆ ಹಿಡಿದುಕೊಂಡು ಬಾಗಿಲ ತನಕ ಹೋದೆ. ಯಾರು ಅಂದರೆ, "ನಾನು ಮೇಡಂ" ಅಂತ ಚಿಲಕಣ್ಣನ ದನಿ. ಅಕ್ಕ ಬೀಗ ಹಾಕಿಕೊಂಡು ಹೋಗಿದ್ದಾಳೆ, ತೆರೆಯಲಿಕ್ಕೆ ಆಗುವುದಿಲ್ಲ ಅಂದೆ. ಪರವಾಗಿಲ್ಲ, ಇಲ್ಲೇ ನಿಂತು ಮಾತಾಡುತ್ತೇನೆ ಅಂದರು. ಹಣ್ಣು ತಂದಿದ್ದರಂತೆ. ಬಾಗಿಲ ಹೊರಗೆ ಇಟ್ಟಿದ್ದು ಸದ್ದಾಯಿತು.

ಕೈ ಹೇಗಿದೆ, ಕಣ್ಣು ಹೇಗಿದೆ, ಹಾವುಗಳನ್ನು ಈಗ ಯಾರು ನೋಡಿಕೊಳ್ಳುತ್ತಾರೆ, ಮೂರನೇ ಪೆಟ್ಟಿಗೆಯದು ಪೊರೆ ಬಿಡುವ ಹೊತ್ತಾಗಿತ್ತು, ತೇವ ಇಟ್ಟರೋ ಇಲ್ಲವೋ. ಎಲ್ಲ ಆಯಿತು. ನೀವು ಏನು ಮಾಡುತ್ತಿದ್ದೀರಿ ಅಂತ ಕೇಳಿದರು. ಬೋರ್ಡು ಬರೆಯುತ್ತಿದ್ದೇನೆ ಅಂದೆ. ಒಳ್ಳೆಯದು ಅಂದರು. ಮರದ ಒಂದೂವರೆ ಇಂಚು ದಪ್ಪದ ಆಚೆ ಅವರು ಉಸಿರು ಬಿಡುವುದು ಕೇಳುತ್ತಿತ್ತು.

"ಮೇಡಂ, ಒಂದೇ ಒಂದು ಕೇಳ್ತೀನಿ. ನೀವು ಹೋದಾಗ ಚಿಲಕ ಬಿಚ್ಚಿತ್ತಾ?"

"ನೆನಪಿಲ್ಲ ಚಿಲಕಣ್ಣ."

"ಸರಿ ಮೇಡಂ. ಜೀವ ಉಳೀತಲ್ಲ, ಅಷ್ಟು ಸಾಕು."

ಹೊರಟರು ಅಂದುಕೊಂಡೆ. ಬಾಗಿಲಿನ ಹಿಡಿ ತಿರುಗಿತು. ಬೀಗ ಬಿದ್ದಿದೆಯೋ ಅಂತ ನೋಡುತ್ತಿದ್ದರು. ಮೆಟ್ಟಿಲ ತನಕ ಹೋದ ಸದ್ದು, ವಾಪಸು ಬಂದ ಸದ್ದು, ಮತ್ತೆ ಹಿಡಿ ತಿರುಗಿತು. ನಾನು ಈ ಕಡೆ ನಿಂತು ಎಣಿಸಿದೆ. ಏಳು ಸಲ. ಮುಂಚೆ ಮೂರು ಸಲ ಇತ್ತು.

ಫ್ರಿಜ್ ಮೇಲಿನ ಕೀಲಿ ಅಲ್ಲೇ ಇತ್ತು. ಕೈಗೆ ಎಟುಕುತ್ತಿತ್ತು. ತಲೆ ಸುತ್ತು ಬೇರೆ ಇತ್ತು ನನಗೆ.

ಮಾರ್ಚ್ 11, ಮಂಗಳವಾರ

ಅಕ್ಕ ಹಣ್ಣು ಕೊಯ್ದು ಕೊಟ್ಟಳು. ಬೇಡ ಅಂದೆ.

ಮಾರ್ಚ್ 14, ಶುಕ್ರವಾರ

ಚಿಲಕಣ್ಣನ ಹೆಂಡತಿ ಫೋನು ಮಾಡಿದ್ದಳು. ನನಗಲ್ಲ, ಅಕ್ಕನಿಗೆ. ಅಕ್ಕ ಫೋನಿನ ಸ್ಪೀಕರ್ ಹಾಕಿಕೊಂಡೇ ಅಡುಗೆ ಮಾಡುವವಳು, ಹಾಗಾಗಿ ಮನೆಗೆಲ್ಲ ಕೇಳಿತು. ಆಕೆ ದೂರುತ್ತಿರಲಿಲ್ಲ. ನನ್ನ ಆರೋಗ್ಯ ವಿಚಾರಿಸಿ, ಆಮೇಲೆ ಮೆಲ್ಲಗೆ ಕೇಳಿದಳು, ನಿಮಗೆ ಗೊತ್ತಿರುವ ತಲೆ ಡಾಕ್ಟರು ಯಾರಾದರೂ ಇದ್ದಾರಾ ಅಂತ.

ಚಿಲಕಣ್ಣನಿಗೆ ಮನೆಯಿಂದ ಹೊರಗೆ ಹೋಗಲಾಗುತ್ತಿಲ್ಲವಂತೆ. ಹೊರಡುತ್ತಾರೆ, ಬೀದಿ ತಿರುವಿನ ತನಕ ಹೋಗುತ್ತಾರೆ, ಬಾಗಿಲು ಹಾಕಿದೆನೋ ಇಲ್ಲವೋ ಅಂತ ವಾಪಸು ಬರುತ್ತಾರೆ. ಗ್ಯಾಸಿನ ಒಲೆಯ ಹಿಡಿ ನೋಡುತ್ತಾರೆ. ನಲ್ಲಿ ನೋಡುತ್ತಾರೆ. ಹೆಂಡತಿ ತಾನು ನೋಡಿದ್ದೇನೆ, ಹಾಕಿದೆ ಅಂದರೆ, ಆವತ್ತೂ ನಾನು ಹಾಗೇ ಅಂದುಕೊಂಡಿದ್ದೆ ಅನ್ನುತ್ತಾರೆ. ಊಟಕ್ಕೆ ಕೂತು ಮಧ್ಯೆ ಏಳುತ್ತಾರಂತೆ. "ಅವರ ಕಣ್ಣನ್ನ ಅವರೇ ನಂಬ್ತಿಲ್ಲ ಅಕ್ಕಾ" ಅಂದಳು ಆಕೆ.

ಅಕ್ಕ ಪಾಪ ಅಂದಳು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಏನು ಮಾಡಕ್ಕಾಗುತ್ತೆ, ಆದರೂ ಪಾಪ. ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಅಕ್ಕ ನನ್ನ ಕೈ ಹಿಡಿದು ನೋಡಿ, ಇದೇನೇ ಚರ್ಮ ಹೀಗೆ ಬಿರಿದಿದೆ, ಔಷಧಿಗೆ ಹೀಗಾಯ್ತಾ ಅಂದಳು. ಇರಬಹುದು ಅಂದೆ.

ಮಾರ್ಚ್ 15, ಶನಿವಾರ

ಬರೆದೇ ಬಿಡುತ್ತೇನೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಇಲ್ಲಾದರೂ ಉಗುಳುತ್ತೇನೆ.

ಆವತ್ತು ಹಾವುಗಳಿಗೆ ಆಹಾರ ಕೊಡುವ ದಿನ. ಕಟ್ಟುಹಾವು ಹಾವು ತಿನ್ನುವ ಹಾವು. ಇಲಿಮರಿ ಕೊಟ್ಟರೆ ಮೂತಿ ತಿರುಗಿಸುತ್ತದೆ. ಅದಕ್ಕೆ ನಮ್ಮ ಕೋಣೆಯಲ್ಲಿ ಒಂದು ಮೋಸ ಮಾಡುತ್ತೇವೆ: ನೀರುಹಾವು ಬಿಟ್ಟ ಪೊರೆಯನ್ನು ಒದ್ದೆ ಮಾಡಿ ಇಲಿಮರಿಯ ಮೈಗೆಲ್ಲ ಉಜ್ಜುತ್ತೇವೆ. ವಾಸನೆಗೆ ಕಟ್ಟುಹಾವು ಇದು ಹಾವೇ ಅಂದುಕೊಂಡು ತಿನ್ನುತ್ತದೆ. ಉಜ್ಜಿದವರು ಆಮೇಲೆ ಮೊಣಕೈ ತನಕ ಮೂರು ಸಲ ಸೋಪು ಹಾಕಿ ತೊಳೆಯದೆ ಯಾವ ಪೆಟ್ಟಿಗೆಯ ಹತ್ತಿರವೂ ಹೋಗಕೂಡದು. ಈ ನಿಯಮ ಮಾಡಿದವಳು ನಾನು. ಹೊಸಬರು ಬಂದರೆ ಮೊದಲ ದಿನ ಈ ಪಾಠ ಹೇಳಿ ತಲೆ ತಿನ್ನುವವಳೂ ನಾನೇ.

ಇಲಿಮರಿಗಳಿಗೆಲ್ಲ ಉಜ್ಜಿ ಮುಗಿಸಿದ್ದೆ. ತಿರುಗಿ ನೋಡಿದರೆ ಒಂಬತ್ತನೇ ಪೆಟ್ಟಿಗೆಯ ನೀರಿನ ಬಟ್ಟಲು ಒಣಗಿತ್ತು. ಒಂದು ಬಟ್ಟಲು ತಾನೇ, ಎತ್ತಿಕೊಂಡು ಹೋದರೆ ಸಿಂಕಿನ ಹತ್ತಿರ ಕೈ ಬಟ್ಟಲು ಎರಡೂ ಒಟ್ಟಿಗೆ ತೊಳೆಯಬಹುದು ಅನ್ನಿಸಿತು. ಹಾವು ತಲೆ ಒಳಗೆ ತೂರಿಸಿಕೊಂಡು ಮಲಗಿತ್ತು. ಚಿಲಕ ಹಾಕಿತ್ತು. ಚಿಲಕದ ಮೇಲೆ ಚಿಲಕಣ್ಣ ಇನ್ನೂ ಒಂದು ಭದ್ರತೆಗೆ ಅಂತ ಸುತ್ತುವ ಕೆಂಪು ರಬ್ಬರ್ ಬ್ಯಾಂಡೂ ಇತ್ತು. ಬ್ಯಾಂಡು ಬಿಚ್ಚಿದೆ, ಚಿಲಕ ತಳ್ಳಿದೆ, ಕೈ ಹಾಕಿದೆ. ನೋವೇ ಆಗಲಿಲ್ಲ. ಬಟ್ಟಲು ಯಾಕೆ ಭಾರ ಅಂತ ನೋಡಿದರೆ, ಹೆಬ್ಬೆರಳಿನ ಬುಡದಲ್ಲಿ ನೇತಾಡುತ್ತ ಅಗಿಯುತ್ತಿತ್ತು. ಅದರ ತಪ್ಪಿಲ್ಲ. ನನ್ನ ಕೈ ಹಾವಿನ ವಾಸನೆ ಬರುತ್ತಿತ್ತು, ಊಟ ಬಂತು ಅಂದುಕೊಂಡಿತು.

ಕೈ ಒದರಿದೆ. ಹಾವು ನೆಲಕ್ಕೆ ಬಿತ್ತು. ಕೂಗಿದೆ. ಚಿಲಕಣ್ಣ ಓಡಿ ಬಂದು ನೋಡಿದ್ದು ಮುಚ್ಚಳ ತೆರೆದ ಪೆಟ್ಟಿಗೆ, ನೆಲದ ಮೇಲೆ ಹಾವು, ಕೈ ಹಿಡಿದುಕೊಂಡು ಕೂತ ನಾನು. ಆಂಬುಲೆನ್ಸಿನಲ್ಲಿ ಮುಕ್ಕಾಲು ಗಂಟೆ ನನಗೆ ಮಾತು ಬರುತ್ತಿತ್ತು. ಏನಾಯಿತು ಮೇಡಂ ಅಂತ ಅವರು ಕೇಳಿದರು. ಆಮೇಲೆ ಹೇಳುತ್ತೇನೆ ಅಂದೆ. ಹೇಳಲಿಕ್ಕೆ ನಾಚಿಕೆ. ಪಾಠ ಹೇಳುವ ಮೇಷ್ಟ್ರಿಗೇ ಮಗ್ಗಿ ಬರಲಿಲ್ಲ ಅಂದ ಹಾಗೆ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ರೆಪ್ಪೆ ಬಿತ್ತು, ನಾಲಿಗೆ ದಪ್ಪವಾಯಿತು. ಸಾಯುತ್ತೇನೆ ಅಂತ ಗೊತ್ತಾದ ಮೇಲೆ ನಾಚಿಕೆ ಬಿಟ್ಟು ಹೇಳಲು ಹೊರಟೆ. ಸಾಹೇಬರು ಪುಸ್ತಕ ಪೆನ್ನು ಹಿಡಿದು ಬಗ್ಗಿದ್ದರು. "ಪೆಟ್ಟಿಗೆ ತೆರೆದಿ..." ಅಂದೆ. ಅಷ್ಟರಲ್ಲಿ ಬಾಯಿಗೆ ಕೊಳವೆ ಹಾಕಿದರು. ನಾನು ಹೇಳಬೇಕಿದ್ದದ್ದು ತೆರೆದಿದ್ದೆ. ಸಾಹೇಬರು ಬರೆದುಕೊಂಡದ್ದು ತೆರೆದಿತ್ತು. ಆರು ದಿನ ಟೇಪಿನ ಹಿಂದೆ ಮಲಗಿ, ಎದ್ದ ತಕ್ಷಣ ತಿದ್ದಬೇಕು ಅಂತ ಅದನ್ನೇ ಜಪ ಮಾಡಿದೆ. ಇಪ್ಪತ್ತನಾಲ್ಕನೇ ತಾರೀಕು ಕೊಳವೆ ತೆಗೆದರು, ದನಿ ಬಂತು. ಮೊದಲು ನೀರು ಕೇಳಿದೆ. ಆಮೇಲೆ ಅಕ್ಕನನ್ನು ಕೇಳಿದೆ. ಸಾಹೇಬರು ಬಂದು, ನಿಮ್ಮದೇನೂ ತಪ್ಪಿಲ್ಲ, ಎಲ್ಲ ವಿಚಾರಿಸಿದ್ದೇವೆ ಅಂದರು. ನಾನು ತಲೆಯಾಡಿಸಿದೆ.

ಮೂರು ವಾರವಾಗುತ್ತ ಬಂತು. ಒಂದು ಕ್ರಿಯಾಪದದ ಬಾಲ ತಿದ್ದಲಿಕ್ಕೆ ಇಷ್ಟು ದಿನ ಬೇಕೇ ಒಬ್ಬ ಹೆಂಗಸಿಗೆ? ಇಷ್ಟು ವರ್ಷ ಹಾವಿನ ಬಾಲ ಹಿಡಿದವಳು.

ಮಾರ್ಚ್ 19, ಬುಧವಾರ

ಕೀಲಿ ತೆಗೆದುಕೊಂಡೆ. ಬಾಗಿಲು ತೆರೆದೆ. ಲಿಫ್ಟಿನಲ್ಲಿ ಇಳಿದೆ. ಕೆಳಗೆ ಬೀದಿಯಲ್ಲಿ ಔಷಧಿ ಅಂಗಡಿಯವನು, ನಮಸ್ಕಾರ, ಹೇಗಿದೀರಿ, ಪುಣ್ಯ ಗಟ್ಟಿಯಿತ್ತು ನಿಮ್ಮದು ಅಂದ. ಬಸ್ ಸ್ಟಾಪು ಎದುರಿಗೇ ಇತ್ತು. ಹೌದಪ್ಪ ಅಂದು ವಾಪಸು ಬಂದೆ. ಐದು ಮಹಡಿ ಏರಿ, ಒಳಗಿನಿಂದ ಬೀಗ ಹಾಕಿ, ಮಂಚದ ಮೇಲೆ ಕೂತೆ. ಬೆವರು ಇಳಿಯುತ್ತಿತ್ತು.

ಸಂಜೆ ಅಕ್ಕ, ಕೀಲಿ ಯಾಕೆ ನಿನ್ನ ದಿಂಬಿನ ಕೆಳಗಿದೆ ಅಂದಳು. ಬೀಗ ನಾಳೆಯಿಂದ ಹಾಕುವುದಿಲ್ಲ, ನೀನು ಹುಷಾರಾಗಿದ್ದೀಯ ಅಂದಳು. ಹಾಕು ಅಂದೆ.

ಮಾರ್ಚ್ 21, ಶುಕ್ರವಾರ

ಹೋಗಿ ಬಂದೆ. ಆಟೋದವನಿಗೆ ಎಲ್ಲೂ ನಿಲ್ಲಿಸಬೇಡಪ್ಪ, ನಾನು ಇಳಿಯುತ್ತೇನೆ ಅಂದರೂ ನಿಲ್ಲಿಸಬೇಡ ಅಂದಿದ್ದೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಓಡಿಸಿದ.

ಚಿಲಕಣ್ಣನ ಮನೆ ಟೈರು ಅಂಗಡಿಯ ಹಿಂದೆ, ಎರಡು ಕೋಣೆ. ಹೆಂಡತಿ ಬಾಗಿಲು ತೆರೆದಳು. ಅವರು ಒಲೆಯ ಮುಂದೆ ನಿಂತಿದ್ದರು, ಹಿಡಿಯ ಮೇಲೆ ಬೆರಳಿಟ್ಟುಕೊಂಡು. ಒಲೆ ಆರಿತ್ತು. ನನ್ನನ್ನು ನೋಡಿ ಕುರ್ಚಿ ಒರೆಸಿದರು. ಮೈ ಇಳಿದು ಹೋಗಿದೆ. ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ತೂಗುತ್ತಿತ್ತು.

ಕೂರಲಿಲ್ಲ. ಕೂತರೆ ಏಳುವುದಿಲ್ಲ ಅಂತ ಗೊತ್ತಿತ್ತು. ನಿಂತೇ ಎಲ್ಲ ಹೇಳಿದೆ: ಪೊರೆ, ಬಟ್ಟಲು, ತೊಳೆಯದ ಕೈ, ತೆರೆದಿದ್ದೆ, ತೆರೆದಿತ್ತು. "ಚಿಲಕ ನೀವು ಹಾಕಿದ್ರಿ. ಬ್ಯಾಂಡೂ ಇತ್ತು. ಬಿಚ್ಚಿದ್ದು ನಾನು" ಅಂದೆ.

ಕೇಳಿಸಿಕೊಂಡರು. ಹೆಂಡತಿಯ ಕಡೆ ನೋಡಿದರು. ಆಮೇಲೆ ಕೈ ಮುಗಿದರು.

"ನೀವು ಒಳ್ಳೆಯವರು ಮೇಡಂ. ನನ್ನ ಕೆಲಸ ಉಳೀಲಿ ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ತಿದೀರಿ."

ಅಯ್ಯೋ ಅಲ್ಲ ಅಂದೆ. ಆಣೆ ಮಾಡಿದೆ. ಅವರು ಸಣ್ಣಗೆ ನಕ್ಕರು, ಹಟ ಮಾಡುವ ಮಗುವಿಗೆ ನಗುವ ಹಾಗೆ. "ಆವತ್ತು ಬಾಗಿಲ ಹತ್ತಿರ ಕೇಳಿದೆ, ನೆನಪಿಲ್ಲ ಅಂದ್ರಿ. ಈಗ ಬ್ಯಾಂಡಿನ ಬಣ್ಣದ ತನಕ ನೆನಪಿದೆ. ನನ್ನ ಹೆಂಡತಿ ಫೋನ್ ಮಾಡಿದ್ದು ನಂಗೊತ್ತು ಮೇಡಂ. ಪಾಪ ಅನ್ನಿಸಿದೆ ನಿಮಗೆ. ಆದ್ರೆ ನಾನು ಏನು ಮಾಡಿದೀನಿ ಅಂತ ನಂಗೊತ್ತಲ್ಲ."

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳು ನಂಬಿದ್ದಳು. ಕಣ್ಣಲ್ಲೇ ಗೊತ್ತಾಯಿತು, ನಂಬಿದ್ದಳು. ಒಂದು ಲೋಟ ನೀರು ಕೂಡ ಕೊಡಲಿಲ್ಲ.

ಬೀದಿಗೆ ಬಂದೆ. ಹಿಂದಿನಿಂದ ಬಾಗಿಲು ಹಾಕಿದ ಸದ್ದು, ಮತ್ತೆ ತೆರೆದ ಸದ್ದು, ಮತ್ತೆ ಹಾಕಿದ ಸದ್ದು. ಟೈರು ಅಂಗಡಿ ದಾಟುವ ತನಕ ಕೇಳುತ್ತಿತ್ತು. ಹೊತ್ತಿಗೆ ಸರಿಯಾಗಿ ಹೇಳಿದ್ದರೆ ನಿಜವಾಗುತ್ತಿತ್ತು. ತಡ ಮಾಡಿ ಹೇಳಿದೆ, ಉಪಕಾರವಾಯಿತು.

ಮಾರ್ಚ್ 22, ಶನಿವಾರ

ಸಾಹೇಬರ ಟೈಪು ಕಾಗದ ಹರಿದು, ಎರಡು ಪುಟ ಕೈಯಲ್ಲಿ ಬರೆದುಕೊಂಡು ಕೇಂದ್ರಕ್ಕೆ ಹೋಗಿ ಮೇಜಿನ ಮೇಲಿಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿದರು. ಕರುಣೆ ದೊಡ್ಡದು, ಆದರೆ ಸಾವಿನ ಬಾಯಲ್ಲಿ ಹೇಳಿದ ಮಾತಿಗೇ ತೂಕ ಹೆಚ್ಚು ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಏನಾದರೂ ದಾರಿ ಹುಡುಕೋಣ, ಚಿಲಕಣ್ಣನಿಗೆ ಎಚ್ಚರಿಕೆ ಕೊಟ್ಟು ಬೇರೆ ವಿಭಾಗಕ್ಕೆ ಹಾಕೋಣ ಅಂದರು.

"ಸಾರ್, ನಾನು ಹೇಳಿದ್ದು ‘ತೆರೆದಿ’ ತನಕ. ‘ತ್ತು’ ನಿಮ್ಮದು" ಅಂದೆ.

ತಮ್ಮ ಪುಸ್ತಕ ತೆಗೆಸಿ ಆ ಪುಟ ನೋಡಿದರು. ಸೋಮವಾರ ಸ್ಥಳ ತನಿಖೆ, ಇಬ್ಬರೂ ಕೋಣೆಗೆ ಬಂದು ಆವತ್ತು ಮಾಡಿದ್ದನ್ನೇ ಮಾಡಿ ತೋರಿಸಬೇಕು ಅಂದರು. ಅದಕ್ಕೊಂದು ಸುತ್ತೋಲೆಯನ್ನೂ ಹೊರಡಿಸಿದರು.

ಕೋಣೆಗೆ. ಆ ಪೆಟ್ಟಿಗೆಯ ಮುಂದೆ. ಆಗಲಿ ಅಂದೆ. ಹೊರಗೆ ಬಂದು ನಲ್ಲಿಯ ಹತ್ತಿರ ಮೊಣಕೈ ತನಕ ಮೂರು ಸಲ ತೊಳೆದೆ.

ಮಾರ್ಚ್ 24, ಸೋಮವಾರ

ಹತ್ತಕ್ಕೆ ಹೋದೆ. ಕೋಣೆ ಹಾಗೇ ಇದೆ. ಮೂರು ಕಬ್ಬಿಣದ ಕಪಾಟು, ಹದಿನಾಲ್ಕು ಪೆಟ್ಟಿಗೆ, ಫಿನಾಯಿಲು ಮತ್ತು ಹಾವು ಕೂಡಿದ ಆ ವಾಸನೆ. ಸಾಹೇಬರು ಫೈಲು ಹಿಡಿದು ಹೊಸ್ತಿಲ ಹೊರಗೇ ನಿಂತರು, ಇಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ. ಚಿಲಕಣ್ಣ ನನಗಿಂತ ಮೊದಲೇ ಬಂದಿದ್ದರು.

ಮೊದಲು ಅವರ ಸರದಿ. ಒಂಬತ್ತನೇ ಪೆಟ್ಟಿಗೆ ಮುಚ್ಚಿ ಚಿಲಕ ಹಾಕಿದರು, ಬ್ಯಾಂಡು ಸುತ್ತಿದರು, ಎಳೆದು ನೋಡಿದರು. ಮತ್ತೆ ಎಳೆದರು. ಆರನೆಯ ಸಲಕ್ಕೆ ಸಾಹೇಬರು ಸಾಕು ಅಂದರು. ಕೈ ತೆಗೆಯಲು ಅವರಿಗೆ ಆಗುತ್ತಿರಲಿಲ್ಲ. ನಾನು ನೆಲ ನೋಡಿದೆ.

ಆಮೇಲೆ ನಾನು. ಪೆಟ್ಟಿಗೆಯ ಗಾಜಿನ ಒಳಗೆ ಅದು ಮಲಗಿತ್ತು, ಕಪ್ಪು ಮೈ, ಬಿಳಿ ಸಣ್ಣ ಕಟ್ಟುಗಳು, ತಲೆ ಸುರುಳಿಯ ಅಡಿಗೆ. ಚೆಂದದ ಹಾವು. ಹತ್ತೊಂಬತ್ತು ವರ್ಷ ನೋಡಿದರೂ ಚೆಂದವೇ. ನನ್ನ ಮೇಲೆ ಅದಕ್ಕೆ ಯಾವ ಸಿಟ್ಟೂ ಇರಲಿಲ್ಲ. ಎಡಗೈಯಲ್ಲಿ ಕೊಕ್ಕೆ ಹಿಡಿದುಕೊಂಡು ಬಲಗೈಯಲ್ಲಿ ಪೆಟ್ಟಿಗೆ ತೆರೆದೆ. ಬಟ್ಟಲನ್ನು ಕೊಕ್ಕೆಯಿಂದ ಈಚೆಗೆ ಎಳೆದು ತೆಗೆದೆ. ಮುಚ್ಚಳ ಮುಚ್ಚಿದೆ. ಹೀಗೆ ಸಾರ್, ಇಷ್ಟೇ ಅಂತ ಹೇಳಿ ತಿರುಗಿದರೆ, ಚಿಲಕಣ್ಣ ನನ್ನ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡರು.

ಯಾಕೆ ಅಂತ ನನಗೆ ತಿಳಿಯಲಿಲ್ಲ. ನೋಡಿದರೆ ಮಣಿಕಟ್ಟಿನ ಮೇಲೆ ಕೆಂಪು ರಬ್ಬರ್ ಬ್ಯಾಂಡು. ನಾನು ಯಾವಾಗಲೂ ಹಾಗೇ ಮಾಡುತ್ತೇನಂತೆ, ಬಿಚ್ಚಿದ ಬ್ಯಾಂಡನ್ನು ಉರುಳಿಸಿ ಕೈಗೆ ಹಾಕಿಕೊಳ್ಳುತ್ತೇನೆ, ಕಳೆದುಹೋಗದ ಹಾಗೆ. ನನಗೇ ಗೊತ್ತಿರಲಿಲ್ಲ.

"ಆಂಬುಲೆನ್ಸಲ್ಲಿ ಇದು ಇಲ್ಲೇ ಇತ್ತು" ಅಂದರು ಅವರು. ಯಾರಿಗೆ ಹೇಳುತ್ತಿದ್ದರೋ. "ಸೂಜಿ ಚುಚ್ಚೋಕೆ ಅಡ್ಡ ಬರುತ್ತೆ ಅಂತ ನಾನೇ ತೆಗೆದೆ. ನಾನೇ ತೆಗೆದು ಜೇಬಿಗೆ ಹಾಕ್ಕೊಂಡೆ."

ಸಾಹೇಬರು ಫೈಲು ಮುಚ್ಚಿದ ಸದ್ದು ಕೇಳಿತು.

"ಹಾಗಾದ್ರೆ ನಾನು ಹಾಕಿದ್ದೆ."

"ಹಾಕಿದ್ರಿ ಚಿಲಕಣ್ಣ."

ಕೈ ಬಿಟ್ಟರು. ಗೋಡೆಗೆ ಒರಗಿದರು. ಸಮಾಧಾನವಾಗುತ್ತದೆ, ಅತ್ತುಬಿಡುತ್ತಾರೆ ಅಂದುಕೊಂಡೆ. ಆದದ್ದು ಬೇರೆ. ಮುಖಕ್ಕೆ ರಕ್ತ ಏರಿತು. ಅಷ್ಟು ವರ್ಷದಲ್ಲಿ ನಾನು ನೋಡಿರದ ಮುಖ.

"ನಿನಗೆ ಮಾತು ಯಾವತ್ತು ಬಂತು?"

"ಫೆಬ್ರವರಿ ಇಪ್ಪತ್ತನಾಲ್ಕು."

"ಇಪ್ಪತ್ತೆಂಟು ದಿನ" ಅಂದರು. "ನನಗೆ ಹುಚ್ಚು ಹಿಡೀತಿದೆ ಅಂತ ನನ್ನ ಹೆಂಡತಿ ಡಾಕ್ಟ್ರನ್ನ ಹುಡುಕ್ತಿದ್ಲು. ನಾನು ನಿನ್ನ ಬಾಗಿಲ ಹೊರಗೆ ನಿಂತು ಕೇಳಿದೆ. ನೀನು ಒಳಗೆ ಕೂತು ಬೋರ್ಡು ಬರೀತಿದ್ದೆ. ಮನುಷ್ಯಳಾ ನೀನು?"

ಇನ್ನೂ ಬೈದರು. ಇಲ್ಲಿ ಬರೆಯುವುದಿಲ್ಲ, ಆದರೆ ಒಂದೂ ಸುಳ್ಳಲ್ಲ. ಸಾಹೇಬರು ಹೊಸ್ತಿಲಿಂದ, ಏನ್ರೀ ಇದು, ಮೇಡಂಗೆ ಹೀಗಾ ಮಾತಾಡೋದು ಅಂದರು. ಮಾತಾಡಲಿ ಸಾರ್ ಅಂದೆ. ಚಿಲಕಣ್ಣ ಅವರ ಕಡೆ ತಿರುಗಿ, ಇವಳ ಜತೆ ಇನ್ನು ಈ ಕೋಣೆಯಲ್ಲಿ ನಾನು ನಿಲ್ಲುವುದಿಲ್ಲ, ಬೇರೆ ಎಲ್ಲಿಗಾದರೂ ಹಾಕಿ ಅಂದು ಹೊರಗೆ ಹೋದರು. ಹೆಬ್ಬಾಗಿಲ ತನಕ ಹೋದರು. ಒಂದು ಸಲವೂ ತಿರುಗಿ ನೋಡಲಿಲ್ಲ.

ನನ್ನ ಮೇಲೆ ವಿಚಾರಣೆ ಬುಧವಾರದಿಂದ ಅಂತೆ. ಕೋಣೆಯಲ್ಲಿ ಒಬ್ಬಳೇ ಉಳಿದೆ. ಹದಿನಾಲ್ಕಕ್ಕೂ ನೀರಿಡಬೇಕಿತ್ತು, ಇಟ್ಟೆ. ಅತ್ತಿದ್ದೂ ಹೌದು, ಆದರೆ ಎದೆ ಹಗುರವಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ‘ನೀನು’ ಅಂದರು. ನಂಬಿದ್ದಾರೆ.